ಸ್ಕ್ರೀನ್ ಒರಿಜಿನಲ್ಲೇ, ಆದ್ರೂ ಫೋನ್ ಒಪ್ತಿಲ್ಲ. ರಿಪೇರಿ ಹಕ್ಕಿನ ಕಾನೂನು ಇದಕ್ಕೆ ಮದ್ದಾ?

ಹಳೇಬ್ಯಾಟರಿ
ನನ್ನ ಫೋನಿನ ಸ್ಕ್ರೀನ್ ಒಡೆದಿತ್ತು. ತಮ್ಮನ ಹತ್ರ ಅದೇ ಮಾಡೆಲ್ ಇತ್ತು. ನೀರಿಗೆ ಬಿದ್ದು ಅದರ ಬೋರ್ಡ್ ಸತ್ತಿತ್ತು, ಸ್ಕ್ರೀನ್ ಮಾತ್ರ ಒಂದು ಗೀರೂ ಇಲ್ಲದೆ ಉಳಿದಿತ್ತು. ಬಿಚ್ಚಿಸಿ ನನ್ನದಕ್ಕೆ ಹಾಕಿಸಿದೆ. ಒಂದೇ ಕಂಪನಿ, ಒಂದೇ ಮಾಡೆಲ್, ಎರಡೂ ಫೋನ್ ಒಟ್ಟಿಗೇ ತಗೊಂಡಿದ್ದು. ಡಿಸ್ಪ್ಲೇ ಚೆನ್ನಾಗಿ ಬಂತು, ಟಚ್ ಕೂಡ ಸರಿ ಇದೆ. ಆದ್ರೆ ಸೆಟ್ಟಿಂಗ್ಸ್ ತೆಗೆದಾಗೆಲ್ಲ “ಈ ಬಿಡಿಭಾಗದ ಗುರುತು ಸಿಗುತ್ತಿಲ್ಲ” ಅಂತ ಎಚ್ಚರಿಕೆ. ಬಿಸಿಲಿಗೆ ಹೋದ್ರೆ ತಾನಾಗೇ ಬೆಳಕು ಏರಿಸ್ಕೊಳ್ತಿತ್ತಲ್ಲ, ಅದು ನಿಂತೇ ಹೋಗಿದೆ.

ಸರ್ವಿಸ್ ಸೆಂಟರ್‌ನವರನ್ನ ಕೇಳಿದೆ. “ನಾವು ಹಾಕಿದ ಸ್ಕ್ರೀನ್ ಅಲ್ಲವಲ್ಲ ಸರ್” ಅಂದ್ರು. ಹೌದು, ನೀವು ಹಾಕಿದ್ದಲ್ಲ. ಆದ್ರೆ ನೀವೇ ಮಾಡಿದ್ದು ತಾನೇ?

ಯುರೋಪು, ಅಮೆರಿಕದಲ್ಲಿ ರಿಪೇರಿ ಹಕ್ಕಿನ ಕಾನೂನು (ಕೊಂಡ ವಸ್ತುವನ್ನ ನಾವೇ, ಇಲ್ಲ ನಮಗೆ ಬೇಕಾದವರ ಹತ್ರ ರಿಪೇರಿ ಮಾಡಿಸ್ಕೊಳ್ಳೋ ಹಕ್ಕು) ಬಂತು ಅಂತ ಸುದ್ದಿ ಓದ್ತಾನೇ ಇದ್ದೀನಿ. ಅವು ಇಂಥದ್ದಕ್ಕೆ ಏನಾದ್ರೂ ಮಾಡ್ತವಾ, ಇಲ್ಲ ಬರೀ ಸ್ಕ್ರೂಡ್ರೈವರ್ ಕೊಡಿಸಿ ಸುಮ್ಮನಾಗ್ತವಾ? ತಿಳಿದವರು ಹೇಳಿ.

ಸುಮ್ನೆಓದುಗ
ನನ್ನದೂ ಅದೇ ಗೋಳು. ಬ್ಯಾಟರಿ ಬದಲಾಯಿಸಿದ ಮೇಲೆ ಬ್ಯಾಟರಿ ಆರೋಗ್ಯ ತೋರಿಸೋ ಜಾಗದಲ್ಲಿ ಬರೀ ಒಂದು ಅಡ್ಡಗೆರೆ. ಬದುಕಿದೆಯೋ ಸತ್ತಿದೆಯೋ ದೇವರಿಗೇ ಗೊತ್ತು.

ಬೆಸುಗೆಗಾರ
ಇದೇ ಕಸುಬಿನವನು, ಅದಕ್ಕೇ ಸ್ವಲ್ಪ ಉದ್ದ ಬರೀತೀನಿ.

ಇದಕ್ಕೆ ಪಾರ್ಟ್ಸ್ ಪೇರಿಂಗ್ ಅಂತಾರೆ. ಸ್ಕ್ರೀನ್, ಬ್ಯಾಟರಿ, ಕ್ಯಾಮೆರಾ, ಒಂದೊಂದರಲ್ಲೂ ಸಾಸಿವೆ ಕಾಳಿನಷ್ಟು ಒಂದು ಚಿಪ್ ಇರುತ್ತೆ, ಅದರಲ್ಲಿ ಆ ಭಾಗದ ಸೀರಿಯಲ್ ನಂಬರ್. ಫ್ಯಾಕ್ಟರಿಯಲ್ಲಿ ಆ ನಂಬರನ್ನ ಬೋರ್ಡಿನ ಜೊತೆ ಗಂಟು ಹಾಕಿರ್ತಾರೆ. ಆಮೇಲೆ ನೀವು ಎಂಥ ಒರಿಜಿನಲ್ ಭಾಗ ತಂದು ಹಾಕಿದ್ರೂ ಬೋರ್ಡ್ ಕೇಳೋದು “ನೀನು ಯಾರ ಮನೆಯವನು?” ಅಂತ. ಗಂಟು ಬಿಚ್ಚಿ ಹೊಸದಾಗಿ ಹಾಕೋ ಸಾಫ್ಟ್‌ವೇರ್ ಇರೋದು ಕಂಪನಿ ಹತ್ರ.

ನಾವು ಏನು ಮಾಡ್ತೀವಿ ಅಂದ್ರೆ, ಹಳೇ ಸ್ಕ್ರೀನಿನ ಫ್ಲೆಕ್ಸ್ (ಬಾಗೋ ತೆಳು ಕೇಬಲ್) ಮೇಲಿರೋ ಆ ಚಿಪ್ಪನ್ನ ಬಿಸಿಗಾಳಿಯಲ್ಲಿ ಎಬ್ಬಿಸಿ ಹೊಸದರ ಮೇಲೆ ಕೂರಿಸ್ತೀವಿ. ಸೂಕ್ಷ್ಮದರ್ಶಕದ ಕೆಳಗೆ, ಉಸಿರು ಬಿಗಿ ಹಿಡ್ಕೊಂಡು. ಗಾಳಿ ಒಂಚೂರು ಜಾಸ್ತಿ ಆದ್ರೆ ಪಕ್ಕದ ಕೆಪಾಸಿಟರ್ ಹಾರಿ ಹೋಗುತ್ತೆ, ಹುಡುಕಿದ್ರೂ ಸಿಗಲ್ಲ. ಬ್ಯಾಟರಿದು ಇನ್ನೂ ಕೆಟ್ಟದ್ದು. ಹಳೇ ಬ್ಯಾಟರಿಯ ತುದಿಯಲ್ಲಿರೋ ಚಿಕ್ಕ ಬೋರ್ಡನ್ನ ಕತ್ತರಿಸಿ ಹೊಸ ಸೆಲ್ಲಿಗೆ ಸ್ಪಾಟ್ ವೆಲ್ಡ್ ಮಾಡಬೇಕು. ಲಿಥಿಯಂ ಸೆಲ್ ಪಕ್ಕದಲ್ಲಿ ಕತ್ತರಿ ಹಿಡ್ಕೊಳ್ಳೋದು ಯಾರಿಗೆ ಖುಷಿ ಹೇಳಿ? “ಗ್ರಾಹಕರ ಸುರಕ್ಷತೆಗಾಗಿ” ಅಂತ ಹಾಕಿದ ಬೀಗದಿಂದ ನಾನು ದಿನಾ ಮಾಡ್ತಿರೋ ಕೆಲಸ ಇದು.

ಬೀಗದಕೈ
ಬೆಸುಗೆಗಾರರೇ, ನಿಮ್ಮ ಕಷ್ಟ ಒಪ್ತೀನಿ. ಆದ್ರೆ ಇನ್ನೊಂದು ಮುಖ ಇದೆ. ಕದ್ದ ಫೋನ್ ಲಾಕ್ ಆಗಿದ್ರೆ ಕಳ್ಳ ಏನು ಮಾಡ್ತಾನೆ? ಬಿಡಿಬಿಡಿ ಮಾಡಿ ಮಾರ್ತಾನೆ. ಸ್ಕ್ರೀನ್, ಕ್ಯಾಮೆರಾಗೆ ಬೀಗ ಇಲ್ಲದಿದ್ರೆ ಕಳ್ಳಮಾಲಿಗೆ ಬೆಲೆ ಬರುತ್ತೆ. ಇನ್ನು ಬೆರಳಚ್ಚು ಸೆನ್ಸರ್, ಮುಖ ಗುರುತಿಸೋ ಕ್ಯಾಮೆರಾ. ಯಾರೋ ತಿದ್ದಿದ ಸೆನ್ಸರ್ ತಂದು ಕೂರಿಸಿದ್ರೆ ನಿಮ್ಮ ಬ್ಯಾಂಕ್ ಆ್ಯಪ್ ಗತಿ ಏನು? ಎಲ್ಲ ಬೀಗವೂ ದುರುದ್ದೇಶದ್ದಲ್ಲ.

ತಿರುಗುಮೊಳೆ
@ಬೀಗದಕೈ ಸೆನ್ಸರ್ ಮಾತು ಸರಿ. ಸ್ಕ್ರೀನಿನ ಬೆಳಕು ಏರಿಳಿಯೋದಕ್ಕೂ ಬ್ಯಾಂಕಿಗೂ ಏನು ಸಂಬಂಧ?

ಬೀಗದಕೈ
@ತಿರುಗುಮೊಳೆ ಅದಕ್ಕೆ ನನ್ನ ಹತ್ರ ಉತ್ತರ ಇಲ್ಲ. ಬೆಳಕಿನ ಸೆನ್ಸರಿಗೆ ಫ್ಯಾಕ್ಟರಿಯಲ್ಲಿ ಅಳತೆ ಹೊಂದಿಸಿರ್ತಾರೆ, ಕ್ಯಾಲಿಬ್ರೇಷನ್. ಅದಕ್ಕಿರಬಹುದು. ಹಾಗಿದ್ರೆ ಆ ಅಳತೆ ಹೊಂದಿಸೋ ಸಾಫ್ಟ್‌ವೇರ್ ಎಲ್ಲರಿಗೂ ಕೊಡಬಹುದಿತ್ತು ಅನ್ನೋದನ್ನೂ ಒಪ್ತೀನಿ.

ಕಾಯಿದೆಪುಸ್ತಕ
ಮೂಲ ಪ್ರಶ್ನೆಗೆ ಬರ್ತೀನಿ, ಸ್ಕ್ರೂಡ್ರೈವರ್ ಕೊಡಿಸಿ ಸುಮ್ಮನಾಗ್ತವಾ ಅಂತ ಕೇಳಿದ್ರಿ. ಮೊದಮೊದಲ ಕಾನೂನುಗಳು ಹೆಚ್ಚುಕಡಿಮೆ ಅಷ್ಟೇ.

ನ್ಯೂಯಾರ್ಕ್ ರಾಜ್ಯದ ಕಾನೂನಿಗೆ 2022ರ ಡಿಸೆಂಬರ್ ಕೊನೆಯಲ್ಲಿ ಸಹಿ ಬಿತ್ತು. ಶಾಸನಸಭೆ ಪಾಸ್ ಮಾಡಿದಾಗ ಗಟ್ಟಿಯಾಗಿತ್ತು. ಗವರ್ನರ್ ಸಹಿ ಹಾಕೋ ಹೊತ್ತಿಗೆ ತಿದ್ದುಪಡಿ ಸೇರಿ ನೀರು ನೀರಾಯ್ತು. 2023ರ ಜುಲೈ 1ರ ನಂತರದ ಸಾಧನಗಳಿಗೆ ಮಾತ್ರ, ಕಂಪನಿ-ಕಂಪನಿ ನಡುವೆ ಮಾರೋದಕ್ಕೆ ಅನ್ವಯ ಇಲ್ಲ, ಒಂದು ಬಿಡಿಭಾಗದ ಬದಲು ಹಲವು ಭಾಗ ಸೇರಿದ ಇಡೀ ಜೋಡಣೆ ಮಾರಿದ್ರೂ ನಡೆಯುತ್ತೆ. 2023ರ ಅಕ್ಟೋಬರ್‌ನಲ್ಲಿ ಸಹಿಯಾದ ಕ್ಯಾಲಿಫೋರ್ನಿಯಾದ್ದು ವಾಸಿ. 100 ಡಾಲರ್ ಮೇಲ್ಪಟ್ಟ ವಸ್ತುವಿಗೆ 7 ವರ್ಷ ಭಾಗ, ಕೈಪಿಡಿ, ಉಪಕರಣ ಕೊಡಬೇಕು. ವರ್ಷಗಟ್ಟಲೆ ಇಂಥ ಮಸೂದೆಗಳಿಗೆ ಅಡ್ಡಗಾಲು ಹಾಕಿದ ಆಪಲ್, ಇದಕ್ಕೆ ಮಾತ್ರ ಬೆಂಬಲ ಪತ್ರ ಬರೀತು. ಯಾಕೆ ಗೊತ್ತಾ? ಪೇರಿಂಗ್ ಬಗ್ಗೆ ಅದರಲ್ಲಿ ನಿಷೇಧ ಇರಲಿಲ್ಲ. (ಇದು ನನ್ನ ಊಹೆ, ಪತ್ರದಲ್ಲಿ ಹಾಗೆ ಬರೆದಿರಲಿಲ್ಲ.)

ನಿಮ್ಮ ಸ್ಕ್ರೀನಿನ ಕಥೆಗೆ ನೇರವಾಗಿ ಕೈ ಹಾಕಿದ್ದು ಅಮೆರಿಕದ್ದೇ ಒರೆಗಾನ್ ರಾಜ್ಯ. 2024ರ ಮಾರ್ಚ್‌ನಲ್ಲಿ ಸಹಿಯಾದ ಎಸ್‌ಬಿ 1596 ಅನ್ನೋ ಮಸೂದೆ. ಪೇರಿಂಗ್ ಬಳಸಿ ಭಾಗ ಕೆಲಸ ಮಾಡದ ಹಾಗೆ ತಡೆಯೋದು, ಕೆಲಸ ಕುಗ್ಗಿಸೋದು, ಸುಳ್ಳು ಎಚ್ಚರಿಕೆ ತೋರಿಸೋದು ನಿಷಿದ್ಧ. ಆಪಲ್ ಇದನ್ನ ಬಹಿರಂಗವಾಗಿ ವಿರೋಧಿಸಿತು, ಗೂಗಲ್ ಬೆಂಬಲಿಸಿತು. ಆದ್ರೆ ಆ ನಿಷೇಧ 2025ರ ಜನವರಿ 1ರ ನಂತರ ತಯಾರಾದ ಸಾಧನಗಳಿಗೆ ಮಾತ್ರ. ಗೇಮ್ ಕನ್ಸೋಲ್, ವೈದ್ಯಕೀಯ ಉಪಕರಣ ಹೊರಗೆ.

ಹಳೇಬ್ಯಾಟರಿ
ಅಂದ್ರೆ ನನ್ನ ಫೋನ್ ಒರೆಗಾನ್‌ನಲ್ಲಿ ಹುಟ್ಟಿದ್ರೂ ಪ್ರಯೋಜನ ಇರಲಿಲ್ಲ, ತಡವಾಗಿ ಹುಟ್ಟಬೇಕಿತ್ತು.

ಅರೆಬೆಂದಕೋಡ್
ಎಲ್ಲರೂ ಕಂಪನಿಗಳಿಗೆ ಬೈತಿದ್ದೀರಿ, ನಾನು ಸ್ವಲ್ಪ ಉಲ್ಟಾ ಹೇಳ್ತೀನಿ. ಕಾನೂನು ಮಾಡೋರಿಗೆ ಎಂಜಿನಿಯರಿಂಗ್ ಗೊತ್ತಿರಲ್ಲ. ಇವತ್ತು “ಬ್ಯಾಟರಿ ಕೈಯಲ್ಲೇ ತೆಗೆಯೋ ಹಾಗಿರಬೇಕು” ಅಂತಾರೆ. ಯುರೋಪಿನಲ್ಲಿ 2027ರ ಫೆಬ್ರವರಿಯಿಂದ ಎಲ್ಲ ಫೋನಿಗೂ ಹಾಗೆ ಮಾಡ್ಲೇಬೇಕಂತೆ. ನೀರು ನಿರೋಧಕತೆ ಹೋಯ್ತು, ಫೋನ್ ದಪ್ಪ ಆಯ್ತು. ಜನ ಕೇಳಿದ್ದು ತೆಳ್ಳನೆ ಫೋನ್, ಅದಕ್ಕೇ ಕಂಪನಿಗಳು ಅಂಟು ಹಾಕಿ ಮುಚ್ಚಿದ್ವು.

ಕಾಯಿದೆಪುಸ್ತಕ
@ಅರೆಬೆಂದಕೋಡ್ ಹೆಸರಿಗೆ ತಕ್ಕ ಹಾಗೆ ಅರ್ಧ ಓದಿದ್ದೀರಿ, ಬೇಜಾರು ಮಾಡ್ಕೋಬೇಡಿ :) ಬ್ಯಾಟರಿ ನಿಯಮ 2027ರ ಫೆಬ್ರವರಿ 18ರಿಂದ, ಅದು ನಿಜ. ಆದ್ರೆ ಫೋನು, ಟ್ಯಾಬ್ಲೆಟ್‌ಗೆ ಅಂತಲೇ ಬೇರೆ ನಿಯಮ ಇದೆ, 2025ರ ಜೂನ್ 20ರಿಂದ ಜಾರಿಯಲ್ಲಿದೆ. ಬ್ಯಾಟರಿ 800 ಸಲ ಚಾರ್ಜ್ ಆದ ಮೇಲೂ 80% ಉಳಿಸ್ಕೊಂಡಿರಬೇಕು. ಬಿಡಿಭಾಗ 7 ವರ್ಷ ಸಿಗಬೇಕು. ಆಪರೇಟಿಂಗ್ ಸಿಸ್ಟಮ್ ಅಪ್‌ಡೇಟ್ 5 ವರ್ಷ, ಅದೂ ಆ ಮಾಡೆಲ್ ಮಾರುಕಟ್ಟೆಗೆ ಬರೋದು ನಿಂತ ದಿನದಿಂದ ಲೆಕ್ಕ.

ನೀವು ಹೆದರ್ತಿರೋದಕ್ಕೆ ಅದರಲ್ಲೇ ಬಾಗಿಲು ತೆಗೆದಿಟ್ಟಿದ್ದಾರೆ. 500 ಸಲದ ನಂತರ 83%, 1000 ಸಲದ ನಂತರ 80% ಉಳಿಸ್ಕೊಂಡು, ಧೂಳು ಬಿಡದೆ, ಒಂದು ಮೀಟರ್ ನೀರಲ್ಲಿ ಅರ್ಧ ಗಂಟೆ ತಾಳಿದ್ರೆ, ಬ್ಯಾಟರಿಯನ್ನ ಗ್ರಾಹಕನ ಕೈಗೆ ಕೊಡಬೇಕಿಲ್ಲ. ವೃತ್ತಿಪರ ರಿಪೇರಿಯವರಿಗೆ ಕೊಟ್ರೆ ಸಾಕು.

ಅರೆಬೆಂದಕೋಡ್
ಸರಿ ಸರಿ, ಆ ವಿನಾಯಿತಿ ಗೊತ್ತಿರಲಿಲ್ಲ. ಅರ್ಧ ಬೆಂದಿದ್ದು ಈಗ ಮುಕ್ಕಾಲು ಬೆಂತು.

ಪಡುಗಾಳಿ
ಅಲ್ಲ ಮಾರಾಯ್ರೆ, ಪೇರಿಂಗ್ ಬಗ್ಗೆ ಯುರೋಪ್ ಏನು ಹೇಳ್ತದೆ? ಅದನ್ನು ಹೇಳದೆ ಬ್ಯಾಟರಿಗೆ ಹೋದಿರಲ್ಲ.

ಕಾಯಿದೆಪುಸ್ತಕ
@ಪಡುಗಾಳಿ ನಿಷೇಧ ಇಲ್ಲ. ಸೀರಿಯಲ್ ನಂಬರ್ ಕಟ್ಟಿದ ಭಾಗ ಇದ್ರೆ, ಅದನ್ನ ಹೊಂದಿಸೋ ಸಾಫ್ಟ್‌ವೇರ್ ಉಪಕರಣವನ್ನ ವೃತ್ತಿಪರ ರಿಪೇರಿಯವರಿಗೆಲ್ಲ ಭೇದ ಮಾಡದೆ ಕೊಡಬೇಕು ಅಂತ ಮಾತ್ರ ಫೋನ್ ನಿಯಮ ಹೇಳುತ್ತೆ. 2024ರ ರಿಪೇರಿ ನಿರ್ದೇಶನ ಇನ್ನೊಂದು ಹೆಜ್ಜೆ ಮುಂದೆ. ಒಪ್ಪಂದದಿಂದಾಗಲಿ, ಹಾರ್ಡ್‌ವೇರ್ ಸಾಫ್ಟ್‌ವೇರ್ ತಂತ್ರದಿಂದಾಗಲಿ ರಿಪೇರಿಗೆ ಅಡ್ಡಿ ಮಾಡೋ ಹಾಗಿಲ್ಲ ಅನ್ನುತ್ತೆ. ತಕ್ಷಣ ಒಂದು ಬಾಲ: “ನ್ಯಾಯಸಮ್ಮತ, ವಸ್ತುನಿಷ್ಠ ಕಾರಣ ಇಲ್ಲದಿದ್ದರೆ”. ಬೌದ್ಧಿಕ ಆಸ್ತಿಯ ರಕ್ಷಣೆಯೂ ಅಂಥ ಕಾರಣ ಆಗಬಹುದು. ಸದಸ್ಯ ದೇಶಗಳು ತಮ್ಮ ಕಾನೂನಿಗೆ ಸೇರಿಸ್ಕೊಂಡು ಜಾರಿ ಮಾಡೋಕೆ 2026ರ ಜುಲೈ 31 ಗಡುವು. ಆ ಬಾಲ ಹಿಡ್ಕೊಂಡು ಎಷ್ಟು ವಕೀಲರು ಮನೆ ಕಟ್ತಾರೋ ನೋಡಬೇಕು.

ಹೊಲದಾಗಿನ_ಎಂಜಿನ್
ನೀವೆಲ್ಲಾ ಬರೇ ಫೋನ್ ಫೋನ್ ಅಂತೀರಿ. ಈ ಜಗಳ ಜೋರಾಗಿದ್ದು ಟ್ರ್ಯಾಕ್ಟರಿನ್ಯಾಗ ನೋಡ್ರಿ. ಅಮೆರಿಕಾದಾಗ ಜಾನ್ ಡಿಯರ್ ಟ್ರ್ಯಾಕ್ಟರ್ ಕೆಟ್ಟು ನಿಂತ್ರ, ಪೂರ್ತಿ ಪರೀಕ್ಷೆ ಮಾಡೋ ಸಾಫ್ಟ್‌ವೇರ್ ಡೀಲರ್ ಕಡೆ ಮಾತ್ರ ಇತ್ತು. ರೈತಗ ಬೋಲ್ಟ್ ಬಿಚ್ಚಾಕ ಬರ್ತದ, ಪಾರ್ಟ್ ಹಾಕಾಕ ಬರ್ತದ. ಆದ್ರ ಆ ಪಾರ್ಟ್ ಒಪ್ಪಿಕೋ ಅಂತ ಎಂಜಿನ್ನಿಗೆ ಹೇಳಾಕ ಡೀಲರ್ ಲ್ಯಾಪ್‌ಟಾಪ್ ತಗೊಂಡ ಬರಬೇಕಿತ್ತು. ಸುಗ್ಗಿ ಮುಗಿಯೂದ್ರಾಗ ಅಂವ ಬರ್ತಾನೋ ಇಲ್ಲೋ. 2025ರ ಜನವರಿಯಾಗ ಅಲ್ಲಿನ ವ್ಯಾಪಾರ ಆಯೋಗ ಎಫ್‌ಟಿಸಿ ಇದಕ್ಕ ಕೇಸ್ ಹಾಕೇತಿ, ಇಲಿನಾಯ್, ಮಿನೆಸೋಟಾ ರಾಜ್ಯಾನೂ ಕೂಡ್ಕೊಂಡು.

ಇನ್ನೊಂದ ಮಜಾ. 2022ರಾಗ ಉಕ್ರೇನಿನ ಮೆಲಿಟೊಪೊಲ್ ಊರಿಂದ ರಷ್ಯಾದ ಮಂದಿ ಈ ಕಂಪನಿ ಮಷೀನ್ ಕದ್ದು ಚೆಚೆನ್ಯಾ ತನಕ ಒಯ್ದ್ರಂತ. ಅಲ್ಲಿ ಚಾಲೂ ಮಾಡಾಕ ಹೋದ್ರ ದೂರದಿಂದನ ಲಾಕ್ ಮಾಡ್ಬಿಟ್ಟಿದ್ರು. ಎಲ್ಲಾರೂ ಚಪ್ಪಾಳಿ ಹೊಡದ್ರು, ನಾನೂ ಹೊಡದೆ. ರಾತ್ರಿ ಮಲಗುಮುಂದ ವಿಚಾರ ಬಂತು: ಕಳ್ಳನ ಟ್ರ್ಯಾಕ್ಟರ್ ನಿಲ್ಸಾಕ ಬಂದ್ರ, ಮಾಲಕಂದೂ ನಿಲ್ಸಾಕ ಬರ್ತದಲ್ಲಾ?

ಬೀಗದಕೈ
ಒಂದೇ ಬೀಗ, ಎರಡೂ ಕಡೆಗೆ ತಿರುಗುತ್ತೆ. ಆದ್ರೂ ಕಳ್ಳನ ವಿಷಯದಲ್ಲಿ ನನ್ನ ವಾದ ಉಳೀತು :)

ನಿಶಾಚರ
ಪೋಲೆಂಡಿನ ರೈಲಿನ ಕಥೆ ಯಾರೂ ಹೇಳ್ಲೇ ಇಲ್ಲ! ರಿಪೇರಿ ಹಕ್ಕಿನ ಚರ್ಚೆಯಲ್ಲಿ ನನಗೆ ಅತೀ ಇಷ್ಟದ ಕಥೆ ಅದು.

2022ರಲ್ಲಿ ನೆವಾಗ್ ಕಂಪನಿಯ ಕೆಲವು ಇಂಪಲ್ಸ್ ರೈಲುಗಳನ್ನ ದೊಡ್ಡ ಸರ್ವಿಸಿಗೆ ಬೇರೆ ಕಾರ್ಯಾಗಾರಕ್ಕೆ ಕೊಟ್ರು, ಎಸ್‌ಪಿಎಸ್ ಅಂತ. ಟೆಂಡರಿನಲ್ಲಿ ಅವರದೇ ಕಡಿಮೆ ಬೆಲೆ. ಅವರು ಕೈಪಿಡಿ ನೋಡ್ಕೊಂಡು ಎಲ್ಲ ಬಿಚ್ಚಿ, ತೊಳೆದು, ಜೋಡಿಸಿದ್ರು. ಕಂಪ್ಯೂಟರ್ ಎಲ್ಲ ಸರಿ ಇದೆ ಅನ್ನುತ್ತೆ, ರೈಲು ಮಾತ್ರ ಅಲ್ಲಾಡಲ್ಲ. ಮೋಟಾರಿಗೆ ವಿದ್ಯುತ್ತೇ ಹೋಗ್ತಿಲ್ಲ. ದಿಕ್ಕು ತೋಚದೆ ಡ್ರ್ಯಾಗನ್ ಸೆಕ್ಟರ್ ಅನ್ನೋ ಹ್ಯಾಕರ್ ಗುಂಪನ್ನ ಕರೆಸಿದ್ರು. ಅವರು ರೈಲಿನ ಕಂಪ್ಯೂಟರಿನ ಕೋಡ್ ಹೊರಗೆಳೆದು ತಿಂಗಳುಗಟ್ಟಲೆ ಓದಿದ್ರು.

ಸಿಕ್ಕಿದ್ದೇನು ಗೊತ್ತಾ? ಜಿಪಿಎಸ್ ಅಂಕಿಗಳು. ಬೇರೆ ಬೇರೆ ರಿಪೇರಿ ಕಾರ್ಯಾಗಾರಗಳ ಸುತ್ತ ಗೆರೆ ಎಳೆದ ಹಾಗೆ. ರೈಲು ಆ ಗೆರೆಯೊಳಗೆ 10 ದಿನ ನಿಂತ್ರೆ “ಕೆಟ್ಟಿದೆ” ಅಂತ ತನ್ನನ್ನೇ ಲಾಕ್ ಮಾಡ್ಕೊಳ್ಳುತ್ತೆ. ಚಾಲಕನ ಕ್ಯಾಬಿನ್ನಿನಲ್ಲಿ ಯಾವ ಪುಸ್ತಕದಲ್ಲೂ ಇಲ್ಲದ ಕ್ರಮದಲ್ಲಿ ಗುಂಡಿ ಒತ್ತಿದ್ರೆ ಮತ್ತೆ ಓಡುತ್ತೆ. 2023ರ ಡಿಸೆಂಬರ್‌ನಲ್ಲಿ ಜರ್ಮನಿಯ ಹ್ಯಾಕರ್ ಸಮಾವೇಶದಲ್ಲಿ ಇದನ್ನೆಲ್ಲ ವೇದಿಕೆ ಮೇಲೆ ತೋರಿಸಿದ್ರು. ನೆವಾಗ್ ಪೂರ್ತಿ ಅಲ್ಲಗಳೀತು. ಕೋಡ್ ನಮ್ಮದಲ್ಲ ಅಂತು, ಆಮೇಲೆ ಹ್ಯಾಕರುಗಳ ಮೇಲೇ ದಾವೆ ಹೂಡಿತು.

ತಿರುಗುಮೊಳೆ
ಗಾಳಿಪಟಕ್ಕೆ ದಾರ ಕಟ್ಟಿರ್ತಾರೆ ಸರಿ, ರೈಲಿಗೂನಾ!

ಸುಮ್ನೆಓದುಗ
ಪ್ರಿಂಟರ್ ಇಂಕ್ ಬಗ್ಗೆ ಯಾರೂ ಮಾತಾಡ್ಬೇಡಿ, ನನಗೆ ಬಿಪಿ ಏರುತ್ತೆ.

ತಿರುಗುಮೊಳೆ
2016ರ ಸೆಪ್ಟೆಂಬರ್. ಎಚ್‌ಪಿ. ಬೇರೆ ಕಂಪನಿ ಕಾರ್ಟ್ರಿಜ್ ಹಾಕಿದ ಎಷ್ಟೋ ಪ್ರಿಂಟರುಗಳು ಒಂದೇ ದಿನ “ಕಾರ್ಟ್ರಿಜ್ ಕೆಟ್ಟಿದೆ” ಅಂದಿದ್ದು.

ಸುಮ್ನೆಓದುಗ
ಬೇಡ ಅಂದಿದ್ನಲ್ಲ!!

ಅರೆಬೆಂದಕೋಡ್
ಇನ್ನು ಯಾರಾದ್ರೂ ಬಲ್ಬಿನ ಕಥೆ ತರೋ ಮುಂಚೆ ನಾನೇ ತರ್ತೀನಿ. 1924ರಲ್ಲಿ ಓಸ್ರಾಮ್, ಫಿಲಿಪ್ಸ್ ಮುಂತಾದವರು ಜಿನೀವಾದಲ್ಲಿ ಫೀಬಸ್ ಕೂಟ ಕಟ್ಕೊಂಡು ಬಲ್ಬಿನ ಆಯುಸ್ಸನ್ನ 1000 ಗಂಟೆಗೆ ಇಳಿಸಿದ್ರು, ಜಾಸ್ತಿ ಉರಿದ್ರೆ ದಂಡ. ನಿಜ. ಆದ್ರೆ ಎಲ್ಲರೂ ಬಿಡೋ ಅರ್ಧ ಇದು: ಫಿಲಮೆಂಟ್ ಬಲ್ಬಿಗೆ ಆಯುಸ್ಸು ಹೆಚ್ಚಿಸಿದ್ರೆ ಅದೇ ಕರೆಂಟಿಗೆ ಬೆಳಕು ಕಡಿಮೆ. 1951ರಲ್ಲಿ ಬ್ರಿಟನ್ನಿನ ಏಕಸ್ವಾಮ್ಯ ಆಯೋಗವೂ ಅದನ್ನ ಒಪ್ಕೊಂಡಿತ್ತು. ಎಲ್ಲದರ ಹಿಂದೆಯೂ ಪಿತೂರಿ ಹುಡುಕೋದು ಬೇಡ ಅಂತ ನನ್ನ ವಾದ.

ಕಾಯಿದೆಪುಸ್ತಕ
@ಅರೆಬೆಂದಕೋಡ್ ಎಂಜಿನಿಯರಿಂಗ್ ಕಾರಣ ಇತ್ತು, ಕೂಟ ಕಟ್ಟಿ ಮಾರುಕಟ್ಟೆ ಹಂಚ್ಕೊಂಡಿದ್ದೂ ಇತ್ತು. ಒಂದು ಇದ್ರೆ ಇನ್ನೊಂದು ಇಲ್ಲ ಅಂತೇನಿಲ್ಲ. ಪೇರಿಂಗ್ ಕೂಡ ಹಾಗೇ.

ಬೆಸುಗೆಗಾರ
ಇಲ್ಲಿ ಒಂದು ವಿಷಯ ತಪ್ಪಿ ಹೋಗ್ತಿದೆ. ಗಲಾಟೆ ಮಾಡಿದ್ರೆ ಕಂಪನಿಗಳು ಬಗ್ಗುತ್ತವೆ, ಕಾನೂನು ಬರೋ ಮುಂಚೇನೇ. 2021ರಲ್ಲಿ ಐಫೋನ್ 13 ಬಂದಾಗ ಹೊರಗೆ ಸ್ಕ್ರೀನ್ ಬದಲಾಯಿಸಿದ್ರೆ ಫೇಸ್ ಐಡಿ (ಮುಖ ನೋಡಿ ಫೋನ್ ತೆರೆಯೋದು) ಸಾಯ್ತಿತ್ತು. ರಿಪೇರಿಯವರು ಬೊಬ್ಬೆ ಹೊಡೆದ್ರು, ಅಪ್‌ಡೇಟಿನಲ್ಲಿ ಸರಿ ಮಾಡ್ತೀವಿ ಅಂತ ಆಪಲ್ ನವೆಂಬರ್‌ನಲ್ಲೇ ಹೇಳ್ತು. ಅದೇ ತಿಂಗಳು, ಗ್ರಾಹಕರೇ ರಿಪೇರಿ ಮಾಡ್ಕೊಳ್ಳೋ ಯೋಜನೆಯ ಘೋಷಣೆ. ಮುಂದಿನ ವರ್ಷ ಅದು ಶುರುವಾದಾಗ ಬಾಡಿಗೆಗೆ ಕಳಿಸಿದ ಉಪಕರಣದ ಪೆಟ್ಟಿಗೆಗಳ ತೂಕ ಎಷ್ಟು ಗೊತ್ತಾ? 79 ಪೌಂಡ್, ಅಂದ್ರೆ ಹತ್ತಿರ ಹತ್ತಿರ 36 ಕಿಲೋ. ಒಂದು ಫೋನ್ ಬಿಚ್ಚೋಕೆ!

ಒರೆಗಾನ್ ಕಾನೂನಿಗೆ ಸಹಿ ಬಿದ್ದ ಮರುತಿಂಗಳೇ, 2024ರ ಏಪ್ರಿಲ್‌ನಲ್ಲಿ, ಹಳೇ ಒರಿಜಿನಲ್ ಭಾಗಗಳನ್ನೂ ಒಪ್ತೀವಿ ಅಂತ ಆಪಲ್‌ನವರೇ ಹೇಳಿದ್ರು, ಐಫೋನ್ 15ರಿಂದ ಮೇಲೆ. ಬೀಗದಕೈಯವರು ಕೇಳಿದ ಕಳ್ಳಮಾಲಿನ ಪ್ರಶ್ನೆಗೂ ಅದರಲ್ಲೇ ಉತ್ತರ ಇತ್ತು: ಲಾಕ್ ಆದ ಅಥವಾ ಕಳೆದುಹೋದ ಫೋನಿನಿಂದ ಬಂದ ಭಾಗವಾದ್ರೆ ಕ್ಯಾಲಿಬ್ರೇಷನ್ ಮಾಡ್ಕೊಡಲ್ಲ, ಉಳಿದಿದ್ದಕ್ಕೆ ಮಾಡ್ಕೊಡ್ತೀವಿ. ಕಳ್ಳನನ್ನೂ ತಡೀಬಹುದು, ತಮ್ಮನ ಸ್ಕ್ರೀನನ್ನೂ ಒಪ್ಪಬಹುದು. ಸಾಧ್ಯವೇ ಇಲ್ಲ ಅಂತಿದ್ದಿದ್ದು ಸಾಧ್ಯ ಆಯ್ತಲ್ಲ.

ಬೀಗದಕೈ
@ಬೆಸುಗೆಗಾರ ಇದು ಒಳ್ಳೆ ಪಾಯಿಂಟ್. ನನ್ನ ಮೊದಲ ಕಾಮೆಂಟಿನ ಅರ್ಧ ವಾಪಸ್ ತಗೊಂಡೆ. ಸೆನ್ಸರ್ ಅರ್ಧ ಮಾತ್ರ ಕೊಡಲ್ಲ.

ಪಡುಗಾಳಿ
ಬೀಗ ಒಡೆದರೆ ಏನಾಗ್ತದೆ? ನನ್ನ ಫೋನ್, ನನ್ನ ಬೀಗ, ನಾನೇ ಒಡೀತೇನೆ.

ಕಾಯಿದೆಪುಸ್ತಕ
@ಪಡುಗಾಳಿ ಅಮೆರಿಕದಲ್ಲಿ ಅದಕ್ಕೇ ತಡೆ ಇದೆ. 1998ರ ಡಿಎಂಸಿಎ ಅನ್ನೋ ಕೃತಿಸ್ವಾಮ್ಯ (ಕಾಪಿರೈಟ್) ಕಾನೂನಿನ 1201ನೇ ಸೆಕ್ಷನ್. ಸಿನಿಮಾ ನಕಲು ತಡೆಯೋಕೆ ಬರೆದದ್ದು, ಸಾಫ್ಟ್‌ವೇರ್ ಇರೋ ಎಲ್ಲದಕ್ಕೂ ಹಬ್ಬಿಕೊಂಡಿದೆ. ಮೂರು ವರ್ಷಕ್ಕೊಮ್ಮೆ ಅರ್ಜಿ ಹಾಕಿ ವಿನಾಯಿತಿ ಬೇಡಬೇಕು. 2024ರ ಅಕ್ಟೋಬರ್‌ನಲ್ಲಿ ಸಿಕ್ಕಿದ್ದು ಯಾವುದಕ್ಕೆ ಗೊತ್ತಾ? ಹೋಟೆಲುಗಳ ಆಹಾರ ತಯಾರಿಸೋ ಯಂತ್ರಗಳಿಗೆ. ಪದೇ ಪದೇ ಕೆಡೋ ಐಸ್‌ಕ್ರೀಮ್ ಯಂತ್ರದಿಂದ ಶುರುವಾದ ಅರ್ಜಿ ಅದು.

ಇನ್ನೂ ತಮಾಷೆ: ವಿನಾಯಿತಿ ಸಿಗೋದು ಬೀಗ ಒಡೆಯೋದಕ್ಕೆ. ಒಡೆಯೋ ಸುತ್ತಿಗೆ ಮಾಡಿ ಮಾರೋದಕ್ಕೆ ಇಲ್ಲ. ಒಬ್ಬೊಬ್ಬರೂ ತಮ್ಮ ಸುತ್ತಿಗೆ ತಾವೇ ಎರಕ ಹೊಯ್ಕೋಬೇಕು.

ಹೊಲದಾಗಿನ_ಎಂಜಿನ್
ಹಂಗಾರ ಕಾನೂನಿನ ಮ್ಯಾಲ ಇನ್ನೊಂದ ಕಾನೂನು ಕುಂತೈತಿ. ಕೆಳಗಿಂದು ರಿಪೇರಿ ಮಾಡ ಅಂತದ, ಮ್ಯಾಲಿಂದು ಮುಟ್ಟಬ್ಯಾಡ ಅಂತದ.

ಸುಮ್ನೆಓದುಗ
ಭಾರತದಲ್ಲಿ?

ಕಾಯಿದೆಪುಸ್ತಕ
2022ರ ಜುಲೈನಲ್ಲಿ ಗ್ರಾಹಕ ವ್ಯವಹಾರ ಇಲಾಖೆ ಸಮಿತಿ ಮಾಡ್ತು, ಡಿಸೆಂಬರ್‌ನಲ್ಲಿ ರಿಪೇರಿ ಹಕ್ಕಿನ ಪೋರ್ಟಲ್ ಬಂತು. ಕಂಪನಿಗಳು ಕೈಪಿಡಿ, ಸರ್ವಿಸ್ ಮಾಹಿತಿ ಅಲ್ಲಿ ಹಾಕಬೇಕು ಅಂತ ಆಶಯ. ಪೋರ್ಟಲ್ ಒಂದು ಕಪಾಟು, ಅಷ್ಟೇ. ಹಾಕದಿದ್ರೆ ದಂಡ ಅನ್ನೋ ಕಾನೂನು ಅದಲ್ಲ.

ತಿರುಗುಮೊಳೆ
ನನಗೆ ಫ್ರಾನ್ಸಿನ ದಾರಿ ಇಷ್ಟ. 2021ರಲ್ಲಿ ಫೋನ್, ಲ್ಯಾಪ್‌ಟಾಪ್ ಮೇಲೆಲ್ಲ ರಿಪೇರಿ ಅಂಕ ಹಚ್ಚಬೇಕು ಅಂತ ಮಾಡಿದ್ರು, ಹತ್ತಕ್ಕೆ ಇಷ್ಟು ಅಂತ, ಬೆಲೆಯ ಪಕ್ಕದಲ್ಲೇ. ನಿಷೇಧ ಇಲ್ಲ, ಬೈಗುಳ ಇಲ್ಲ. ಪಕ್ಕದ ಫೋನಿಗೆ ಎಂಟು, ನಿನಗೆ ನಾಲ್ಕು. ಆ ನಾಚಿಕೆ ಸಾಕು.

ಬೆಸುಗೆಗಾರ
ಅಂಕ ಕಂಪನಿಯವರೇ ಲೆಕ್ಕ ಹಾಕ್ಕೊಳ್ಳೋದು ಅಂತ ಯಾಕೆ ಹೇಳ್ಲಿಲ್ಲ? :)

ತಿರುಗುಮೊಳೆ
ಪರೀಕ್ಷೆ ಬರೆಯೋನೇ ಪೇಪರ್ ತಿದ್ದೋದು. ಒಪ್ಕೊಂಡೆ. ಆದ್ರೂ ಇಲ್ಲದೇ ಇರೋದಕ್ಕಿಂತ ವಾಸಿ.

ಹಳೇಬ್ಯಾಟರಿ
ಎಲ್ಲರಿಗೂ ಥ್ಯಾಂಕ್ಸ್. ನನಗೆ ಅರ್ಥ ಆಗಿದ್ದು, ನನ್ನ ಸ್ಕ್ರೀನಿನ ಎಚ್ಚರಿಕೆ ಹಾಗೇ ಇರುತ್ತೆ. ಇರಲಿ ಬಿಡಿ, ಅಭ್ಯಾಸ ಆಗಿದೆ. ಆದ್ರೆ ಬ್ಯಾಟರಿಯೂ ಸಾಯ್ತಿದೆ. ಈ ಭಾನುವಾರ ತಮ್ಮನ ಫೋನಿಂದ ಬ್ಯಾಟರಿ ತೆಗೆದು ನಾನೇ ಹಾಕೋಣ ಅಂತಿದ್ದೀನಿ. ಸ್ಕ್ರೂಡ್ರೈವರ್ ಸೆಟ್ ಬಂತು. ಏನಾದ್ರೂ ಕಿವಿಮಾತು?

ಬೆಸುಗೆಗಾರ
ಮೊದಲನೇ ಮಾತು, ನೀರಿಗೆ ಬಿದ್ದ ಫೋನಿನ ಬ್ಯಾಟರಿ ಬೇಡವೇ ಬೇಡ. ಒಳಗೆ ತುಕ್ಕು ಹಿಡಿದಿರಬಹುದು, ಉಬ್ಬಿದ್ರಂತೂ ಮುಟ್ಟಲೇಬೇಡಿ. ಹೊಸದು ತಗೊಳ್ಳಿ. ಫೋನಲ್ಲಿರೋ ಬ್ಯಾಟರಿ ಕಾಲು ಭಾಗಕ್ಕಿಂತ ಕೆಳಗೆ ಇಳಿಸಿ ಆಮೇಲೆ ಬಿಚ್ಚಿ. ಲೋಹದ ಚೂಪು ತುದಿಯಿಂದ ಸೆಲ್ ಎಬ್ಬಿಸಬೇಡಿ, ಪ್ಲಾಸ್ಟಿಕ್ ಕಾರ್ಡ್ ಬಳಸಿ. ಅಂಟಿನ ಪಟ್ಟಿಯನ್ನ ಮೆಲ್ಲಗೆ, ನೆಲಕ್ಕೆ ಸಮನಾಗಿ ಎಳೀರಿ. ಮೇಲಕ್ಕೆ ಎಳೆದ್ರೆ ತುಂಡಾಗುತ್ತೆ.

ಸ್ಕ್ರೂಗಳೆಲ್ಲ ಒಂದೇ ಅಳತೆ ಅಂದ್ಕೋಬೇಡಿ. ಕಣ್ಣಿಗೆ ಗೊತ್ತಾಗದಷ್ಟು ವ್ಯತ್ಯಾಸ. ಗಿಡ್ಡ ಸ್ಕ್ರೂ ಜಾಗಕ್ಕೆ ಉದ್ದದ್ದು ಹಾಕಿ ಬಿಗಿದ್ರೆ ಅದು ಸೀದಾ ಬೋರ್ಡ್ ಕೊರೆದು ಒಳಗಿನ ತಂತಿ ಕತ್ತರಿಸುತ್ತೆ. ನನ್ನ ಮೇಜಿಗೆ ಬರೋ ಸತ್ತ ಬೋರ್ಡುಗಳಲ್ಲಿ ಈ ಜಾತಿಯವು ಬೇಕಾದಷ್ಟಿವೆ. ಹಾಳೆ ಮೇಲೆ ಫೋನಿನ ಚಿತ್ರ ಬರೆದು ಆಯಾ ಜಾಗದಲ್ಲೇ ಸ್ಕ್ರೂ ಇಡಿ.

ಪಡುಗಾಳಿ
ಮತ್ತೆ ಫ್ಯಾನ್ ಆಫ್ ಮಾಡಿ ಮಾರಾಯ್ರೆ. ಅನುಭವದ ಮಾತು.

ಹಳೇಬ್ಯಾಟರಿ
ಭಾನುವಾರದ ವರದಿ. ಹೊಸ ಬ್ಯಾಟರಿ ಹಾಕಿದೆ. ಅಂಟು ಪಟ್ಟಿ ಒಂದು ತುಂಡಾಯ್ತು, ಇನ್ನೊಂದು ಪೂರ್ತಿ ಬಂತು. ಎಲ್ಲ ಮುಚ್ಚಿ ಬಿಗಿದಿದ್ದೀನಿ, ಇನ್ನೂ ಆನ್ ಮಾಡಿಲ್ಲ. ಯಾಕಂದ್ರೆ ಮೇಜಿನ ಮೇಲೆ ಒಂದು ಸ್ಕ್ರೂ ಉಳಿದಿದೆ.

ಬೆಸುಗೆಗಾರ
ಉದ್ದದ್ದೋ ಗಿಡ್ಡದ್ದೋ?

ಹಳೇಬ್ಯಾಟರಿ
ಗಿಡ್ಡದ್ದು ಅನ್ಸುತ್ತೆ.

ಬೆಸುಗೆಗಾರ
ಆನ್ ಮಾಡ್ಬೇಡಿ. ತಿರುಗಾ ಬಿಚ್ಚಿ.